ನಮ್ಮಿಬ್ಬರನ್ನೂ ಹೊರುವ ಬೈಕು

‘ಗಾಡಿ ಯಾರಿಗೆ ಮೇಡಂ? ಮಗನಿಗಾ?’

ಅರಸೀಕೆರೆಯ ಶೋರೂಮಿನಲ್ಲಿ ಎದುರಾದ ಮೊದಲ ಪ್ರಶ್ನೆ ಇದು. ನನಗೇ ಎಂದೆ. ಸೇಲ್ಸ್‌ಮನ್ ನನ್ನನ್ನೊಮ್ಮೆ ನೋಡಿ, ಸೀದಾ ಸ್ಕೂಟರ್‌ಗಳ ಕಡೆ ನಡೆದ.

ನಾನು ತೊಂಬತ್ತೆರಡು ಕೆಜಿ. (ಮುಚ್ಚಿಟ್ಟರೆ ಕಡಿಮೆಯಾಗುವ ಸಂಗತಿಯಲ್ಲ ಬಿಡಿ.) ಗೇರ್ ಬೈಕು ಕಾಲೇಜಿನ ದಿನಗಳಿಂದಲೇ ಅಭ್ಯಾಸ. ಜೊತೆಗಿದ್ದವಳು ನನ್ನ ಅಕ್ಕ ಜಯ, ಬಿಕ್ಕೋಡಿಗೆ ಮದುವೆಯಾಗಿ ಹೋದವಳು. ನನ್ನಷ್ಟಲ್ಲದಿದ್ದರೂ ದಪ್ಪವೇ. ಮದುವೆಯೊಂದರಲ್ಲಿ ಅವಳು ಕೂತ ಪ್ಲಾಸ್ಟಿಕ್ ಕುರ್ಚಿ ಮುರಿಯಿತು. ಜನ ನಕ್ಕರು. ಅಂದಿನಿಂದ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ, ಬಸ್ ಹತ್ತಲೂ ನಾಚಿಕೆ. ಈ ಸಲ ನಾನೇ ಬಲವಂತ ಮಾಡಿ, ಕಾರು ಕಳಿಸಿ ನಮ್ಮ ಮನೆಗೆ ಕರೆಸಿಕೊಂಡಿದ್ದೆ. ಅವಳನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತಬೇಕೆಂದೇ ನಾನು ಟೂರಿಂಗ್ ಬೈಕು ಹುಡುಕಲು ಹೊರಟದ್ದು.

‘ಇದು ಎಷ್ಟು ತೂಕ ತಡೆಯುತ್ತೆ?’ ಚೂಪು ಮೂತಿಯ ಬೈಕೊಂದನ್ನು ತೋರಿಸಿ ಕೇಳಿದೆ.

‘ಮೈಲೇಜ್ ಸೂಪರ್ ಮೇಡಂ.’

ನಾನು ಕೇಳಿದ್ದು ಮೈಲೇಜಾ?

ಅಕ್ಕ ಕೈ ಜಗ್ಗಿದಳು. ‘ಬ್ಯಾಡ ಕಣೇ, ಎಲ್ಲಾ ನಮ್ಮನ್ನೇ ನೋಡ್ತಾವ್ರೆ. ನಡಿ, ಹೋಗಾನ.’

‘ನೋಡ್ಲಿ ಬಿಡಕ್ಕ. ಹತ್ತು ಹಿಂದೆ.’

ಟೆಸ್ಟ್ ರೈಡಿನ ಮೊದಲ ಹಂಪಿನಲ್ಲೇ ಬೈಕಿನ ಹಿಂಬದಿ ಧಡ್ ಎಂದು ಕುಸಿದು ಕೂತಿತು. ಅಕ್ಕ ಇಳಿದೇಬಿಟ್ಟಳು. ಕಣ್ಣಲ್ಲಿ ನೀರು. ‘ನನ್ನಿಂದ್ಲೇ ಹಿಂಗಾಗಿದ್ದು.’

ನನಗೆ ರೇಗಿತು. ಅವಳ ಮೇಲಲ್ಲ.

‘ನಿನ್ನಿಂದಲ್ಲ ಕಣಕ್ಕ. ಈ ಗಾಡಿ ಮಾಡಿದವ್ರು ನಮ್ಮನ್ನ ನೆನಸ್ಕೊಂಡಿಲ್ಲ, ಅಷ್ಟೇ.’

ವಾಪಸ್ ಬಂದು ಸೇಲ್ಸ್‌ಮನ್‌ಗೆ ಹೇಳಿದೆ: ‘ನಾವಿಬ್ಬರೂ ಸೇರಿ ನೂರ ಎಪ್ಪತ್ತು ಕೆಜಿ. ಅಷ್ಟು ಹೊರೋದನ್ನ ತೋರಿಸ್ರೀ.’ ಇಡೀ ಶೋರೂಮಿಗೆ ಕೇಳಿಸಿತು. ಕೇಳಿಸಲಿ!

ಆತ ಒಳಗೆ ಹೋಗಿ ವಿಚಾರಿಸಿ ಬಂದು, ಮೂಲೆಯಲ್ಲಿದ್ದ ಇನ್ನೊಂದನ್ನು ಹೊರತೆಗೆದ. ಗಟ್ಟಿಮುಟ್ಟಾದ ಉಕ್ಕಿನ ಮೈ. ಅಗಲವಾದ ಸೀಟು. ಎರಡೂ ಪಾದ ಪೂರ್ತಿ ನೆಲಕ್ಕೂರುವಷ್ಟು ತಗ್ಗು. ಬೆನ್ನು ಬಗ್ಗಿಸದೆ ಹಿಡಿಯಬಹುದಾದ ಹ್ಯಾಂಡಲ್. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ನಮ್ಮ ತೂಕಕ್ಕೆ ತಕ್ಕಂತೆ ಬಿಗಿ ಮಾಡಿಸಿಕೊಂಡು ಹೊರಟೆ. ಅದೇ ರಸ್ತೆ, ಅದೇ ಹಂಪು, ಹಿಂದೆ ಕಣ್ಮುಚ್ಚಿ ಕೂತ ಅದೇ ಅಕ್ಕ.

ಸದ್ದೇ ಇಲ್ಲ.

ಕಳೆದ ಭಾನುವಾರ ಹೊಸ ಗಾಡಿಯಲ್ಲಿ ಅವಳನ್ನು ಊರಿಗೆ ಬಿಡಲು ಹೊರಟೆ. ಜಾವಗಲ್ ದಾಟುವವರೆಗೂ ನನ್ನ ಭುಜವನ್ನು ಉಡದಂತೆ ಬಿಗಿಯಾಗಿ ಹಿಡಿದಿದ್ದಳು. ಹಳೇಬೀಡಿನಲ್ಲಿ ಕಾಫಿ ಕುಡಿದೆವು. ಬೇಲೂರಿನ ರಸ್ತೆಗೆ ಬೀಳುವಷ್ಟರಲ್ಲಿ ಭುಜಕ್ಕೆ ಬಿಡುಗಡೆ ಸಿಕ್ಕಿತ್ತು. ಆಮೇಲೆ ಕಿವಿಯ ಪಕ್ಕ ದನಿ: ‘ಯಾಕೇ ಇಷ್ಟ್ ನಿಧಾನ? ಆ ಲಾರಿನ ಹಿಂದಾಕು!’

ಬಿಕ್ಕೋಡಿನಲ್ಲಿ ಹಿಂದಿನ ದಾರಿಯಿಂದ ಮನೆ ಸೇರೋಣವೆಂದರೆ ಒಪ್ಪಲಿಲ್ಲ. ಅಂಗಡಿ ಸಾಲಿನ ಮುಂದೆಯೇ ಹೋಗಬೇಕಂತೆ, ಅದೂ ಹಾರ್ನ್ ಹೊಡೆದುಕೊಂಡು!

ಬೈಕಿನ ಜಾಹೀರಾತುಗಳಲ್ಲಿ ಬೆಟ್ಟ ಹತ್ತುವವರೆಲ್ಲ ಸಣಕಲರೇ ಏಕೆ? ನಮ್ಮಂಥವರನ್ನು ಒಮ್ಮೆ ಕೂರಿಸಿ ತೋರಿಸಲು ಕಂಪನಿಗಳಿಗೆ ತಮ್ಮ ಗಾಡಿಯ ಮೇಲೆ ಅಷ್ಟೂ ನಂಬಿಕೆಯಿಲ್ಲವೇ?