ಚೆಲ್ಲಿದ್ದಕ್ಕೆ ಸಾಕ್ಷಿ

ನಮ್ಮ ಎದುರು ಮನೆಯ ನರ್ಸಮ್ಮ ಈಗ ಒಡೆದ ಹಾಲನ್ನೂ ಸಾಕ್ಷಿಯಿಲ್ಲದೆ ಚೆಲ್ಲುವುದಿಲ್ಲ. ನನ್ನ ಬಾಗಿಲು ತಟ್ಟಿ ಕರೆದೊಯ್ದು, "ನೋಡ್ಕೊಳ್ಳಿ, ಅರ್ಧ ಲೋಟ" ಎಂದು ತೋರಿಸಿ, ಸಿಂಕಿಗೆ ಸುರಿದು, ನೋಟ್‌ಬುಕ್ಕಿನಲ್ಲಿ ಗಂಟೆ ನಿಮಿಷ ಬರೆದು ನನ್ನ ಸಹಿ ಹಾಕಿಸಿಕೊಳ್ಳುತ್ತಾಳೆ. ಹಾಗಂತ ಅವಳಿಗೇನೂ ತಲೆ ಕೆಟ್ಟಿಲ್ಲ. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. ರೋಗಿಗೆ ಚುಚ್ಚಿ ಉಳಿದ, ಚಟ ಹಿಡಿಸಬಲ್ಲ ನೋವಿನ ಮದ್ದು ಮಾರ್ಫಿನ್ನನ್ನು ಇನ್ನೊಬ್ಬ ನರ್ಸಿನ ಕಣ್ಣೆದುರೇ ಚೆಲ್ಲಿ ಸಹಿ ಪಡೆಯಬೇಕೆಂಬುದು ಅಲ್ಲಿಯ ನಿಯಮ. ಒಂದು ದಿನ ಪಕ್ಕದ ಹಾಸಿಗೆಯವನು ನರಳುತ್ತಿದ್ದನೆಂದು, ಯಾರಿಗೂ ಕಾಯದೆ ಚೆಲ್ಲಿ ಓಡಿದಳು. ಅದನ್ನು ಅವಳೇ ಚುಚ್ಚಿಕೊಂಡಳೆಂದು ದೂರು ಹೋಯಿತು. ಲೈಸೆನ್ಸ್ ಉಳಿಯುವುದೋ ಇಲ್ಲವೋ, ವಿಚಾರಣೆ ಇನ್ನೂ ಮುಗಿದಿಲ್ಲ. "ವಾರವಾರ ಮೂತ್ರ ಪರೀಕ್ಷೆ. ಅದಕ್ಕೂ ಒಬ್ಳು ನಿಂತು ನೋಡ್ತಾಳೆ. ಆವತ್ತು ಒಬ್ಳು ನಿಂತಿದ್ರೆ ಸಾಕಿತ್ತಲ್ಲ!" ಎಂದು ನಗುತ್ತಾಳೆ. ಕೊರೆಯುವ ಚಳಿಯಲ್ಲೂ ತುಂಡುತೋಳಿನ ಅಂಗಿ ತೊಡುತ್ತಾಳೆ, ಸೂಜಿಯ ಗುರುತಿಲ್ಲದ ತೋಳನ್ನು ಬೀದಿಯೇ ನೋಡಲಿ ಎಂದು. ಪರೀಕ್ಷೆಯಲ್ಲಿ ಏನಾದರೂ ಕಂಡೀತೆಂದು ಎಂಥ ಕೆಮ್ಮು ಬಂದರೂ ಔಷಧ ಮುಟ್ಟುವುದಿಲ್ಲ. ಮೂಳೆನೋವಿನ ತಾಯಿಯ ಮಾತ್ರೆಡಬ್ಬಿಗೆ ಬೀಗ ಹಾಕಿ, ಬೀಗದ ಕೈಯನ್ನು ನನಗೆ ಕೊಟ್ಟಿದ್ದಾಳೆ. ನಿನ್ನೆ ನಾನು ಮನೆಗೆ ಬರುವುದು ತಡವಾಯಿತು. ಬೀಗದ ಕೈ ಹಿಡಿದು ಅವರ ಮನೆಗೆ ಹೋಗಿ ನೋಡಿದರೆ ಮುದುಕಿ ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿದ್ದಳು. ಮಗಳು ಕೈ ಹಿಂದೆ ಕಟ್ಟಿಕೊಂಡು ಗೋಡೆಗೊರಗಿ ನಿಂತಿದ್ದಳು. ನಾನು ಬೀಗ ತೆಗೆದು ಕೊಟ್ಟ ಮಾತ್ರೆ ನುಂಗಿ ಉಸಿರು ತಿರುಗಿದ ಮೇಲೆ ಮುದುಕಿ ನನ್ನತ್ತ ಕೈ ಚಾಚಿದಳು: "ಆ ಪುಸ್ತಕ ಕೊಡಪ್ಪಾ. ಅವಳು ಡಬ್ಬಿ ಹತ್ರಾನೂ ಹೋಗ್ಲಿಲ್ಲ, ನಾನು ನೋಡಿದೀನಿ. ಎಲ್ಲಿ ಸಹಿ ಹಾಕ್ಲಿ?"