ಸಾಹೇಬರ ಪಾಲಿನ ಪೇರಲಹಣ್ಣು

ಕಳೆದ ವಾರ ಬಂದೋಬಸ್ತಿಗೆಂದು ಹೊನ್ನಾಳಿಯಲ್ಲಿ ನಿಂತಿದ್ದಾಗ ಎಲ್ಲಿಂದಲೋ ಹಣ್ಣಾದ ಪೇರಲದ ವಾಸನೆ ಬಂತು. ಅಷ್ಟೇ ಸಾಕಾಯಿತು, ನನ್ನ ಮೊದಲ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಕಣ್ಣ ಮುಂದೆ ಬಂದುಬಿಟ್ಟರು...

ಹೊಸ ಸಾಹೇಬರು ಬಂದರೆ ನಾವು ಪೇದೆಗಳು ಎಂಟೇ ದಿನದಲ್ಲಿ ಅವರನ್ನು ಅಳೆದುಬಿಡುತ್ತೇವೆ. ಬೈಗುಳ, ಗತ್ತು ಎಲ್ಲ ಆಮೇಲಿನ ಮಾತು. ಕೆಲಸ ಕೆಟ್ಟಾಗ ಅವರ ಬೆರಳು ಯಾರ ಕಡೆ ತಿರುಗುತ್ತದೆ ಎಂಬುದನ್ನೇ ನೋಡುತ್ತೇವೆ. ಈ ಸಾಹೇಬರ ವಿಷಯದಲ್ಲಿ ನಮ್ಮ ಅಳತೆ ತಪ್ಪಿತ್ತು. ಬೆಲ್ಟಿನ ಬಕಲ್ ಮಸುಕಾಗಿದ್ದರೂ ಹಾಜರಿಯಲ್ಲೇ ಮಾನ ಕಳೆಯುತ್ತಿದ್ದರು. ನನಗಂತೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಇನ್ನೂ ಪ್ರೊಬೇಷನ್. ಒಂದು ಸಂತೆಯ ದಿನ ಕೈಗೆ ವಾರಂಟ್ ಕೊಟ್ಟು, "ಬರೀ ಹೆಸರು ಸಾಲದು, ತಂದೆ ಹೆಸರೂ ಕೇಳು" ಎಂದು ಹೇಳಿಯೇ ಕಳಿಸಿದ್ದರು. ನಾನು ಕೇಳಲಿಲ್ಲ. ಗೋವಿನಕೋವಿಯಿಂದ ಪೇರಲ ಮಾರಲು ಬಂದಿದ್ದ ಒಬ್ಬರ ಹೆಸರು ವಾರಂಟಿನ ಹೆಸರೇ ಆಗಿತ್ತು. "ನಾನಲ್ರೀ ಅದು" ಎಂದು ಅವರು ಗೋಗರೆದರೂ ತೋಳು ಹಿಡಿದು ಸಂತೆಯ ನಟ್ಟನಡುವೆ ನಡೆಸಿಕೊಂಡು ಬಂದೆ. ಏನು ಜಂಬ ನನಗೆ!

ಠಾಣೆಯಲ್ಲಿ ಸಾಹೇಬರು ಅವರ ತಂದೆಯ ಹೆಸರು ಕೇಳಿದರು. ವಾರಂಟಿನಲ್ಲಿದ್ದದ್ದು ಬೇರೆ. ನೌಕರಿ ಹೋಯಿತು, ನಮ್ಮೂರು ಸಾಸ್ವೆಹಳ್ಳಿಗೆ ಯಾವ ಮುಖ ಹೊತ್ತು ಹೋಗಲಿ...

ಸಾಹೇಬರು ಜೀಪಿನಲ್ಲಿ ತಾವು ಕೂರುವ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿ, ನನ್ನ ಜೊತೆ ಹಿಂದೆ ಕೂತು ಸಂತೆಗೆ ಬಂದರು. ಹಣ್ಣಿನ ಬುಟ್ಟಿಗಳ ಮುಂದೆ ನಿಂತು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ಇವ್ರ ಮ್ಯಾಲೆ ಯಾವ ಕೇಸೂ ಇಲ್ರಿ," ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿದರು. "ಈ ಹುಡುಗಂಗೆ ನಾನೇ ಸರಿಯಾಗಿ ಹೇಳಿ ಕಳಿಸ್ಲಿಲ್ಲ. ತಪ್ಪು ನಂದೈತೆ."

ಅದು ಸುಳ್ಳೆಂದು ನಮ್ಮಿಬ್ಬರಿಗೇ ಗೊತ್ತಿತ್ತು. ಮೇಲಿನವರಿಗೂ ಹಾಗೇ ಬರೆದರು, ಕಾರಣ ಕೇಳುವ ಮೆಮೊ ಅವರ ಹೆಸರಿಗೇ ಬಂತು. ಸಾಹೇಬರು ಖಾಕಿಯ ಮರ್ಯಾದೆ ತೆಗೆದರು ಎಂದು ಠಾಣೆಯಲ್ಲಿ ಕೆಲವರು ಗೊಣಗಿದರು. ನನಗೆ ಮಾತ್ರ ವಾಪಸ್ ಬರುವಾಗ ಜೀಪಿನಲ್ಲಿ ಎರಡೇ ಮಾತು: "ಅವರ ಮಾನ ನೀನು ಸಂತ್ಯಾಗೆ ಕಳ್ದಿ. ಅದ್ಕೇ ಸಂತ್ಯಾಗೇ ಕೊಡಾಕೆ ಬಂದಿದ್ದು."

ಇವತ್ತು ನಾನು ಉಣ್ಣುವ ಅನ್ನ ಅವರು ಉಳಿಸಿಕೊಟ್ಟದ್ದು. ಆದರೆ ಅವರು ವರ್ಗವಾಗಿ ಹೋಗುವ ದಿನ ಸೆಲ್ಯೂಟ್ ಹೊಡೆದೆನೇ ಹೊರತು ಅದನ್ನು ಹೇಳಲು ಬಾಯಿ ಬರಲಿಲ್ಲ. ನಿವೃತ್ತರಾಗಿ ಜಗಳೂರು ಸೇರಿದ ಮೇಲೂ ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಉಳಿದೆ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಮೊಬೈಲಿಗೆ ಬಂತು...

ಕಳೆದ ವಾರ ಹೊನ್ನಾಳಿಯಲ್ಲಿ ಆ ವಾಸನೆ ಹಿಡಿದು ನಡೆದರೆ, ಅವತ್ತು ನಾನು ತೋಳು ಹಿಡಿದು ತಂದಿದ್ದ ಅದೇ ಮನುಷ್ಯ, ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಮೊದಲು ಕೇಳಿದ್ದೇ, "ನಿಮ್ಮ ಸಾಹೇಬ್ರು ಹೆಂಗದಾರ್ರೀ?"

ಹೇಳಿದೆ. ತಕ್ಕಡಿ ಕೆಳಗಿಟ್ಟರು.

"ಅವತ್ತು ಹಣ್ಣು ಕೊಟ್ರೆ ತಗಳ್ಳಿಲ್ಲ. ಡ್ಯೂಟ್ಯಾಗೆ ಬ್ಯಾಡ, ರಿಟೈರ್ ಆದ್ಮ್ಯಾಲೆ ಬಂದು ತಿಂತೀನಿ ಅಂದಿದ್ರು."

ಬುಟ್ಟಿಯಲ್ಲಿ ಹುಡುಕಿ ದೊಡ್ಡದೊಂದನ್ನು ತೆಗೆದು ನನ್ನ ಕೈಗಿಟ್ಟರು. "ಅವರ ಪಾಲಿಂದು, ನೀವು ತಿನ್ರಿ."

ನಾನೂ ಡ್ಯೂಟಿಯಲ್ಲೇ ಇದ್ದೆ. ಸಾಹೇಬರು ನೋಡಿದ್ದರೆ ಬೈಯುತ್ತಿದ್ದರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಅಲ್ಲೇ ನಿಂತು ತಿಂದೆ.