ವಾಡೇದ ಮಾಳಿಗಿಗೆ ಸಿಮೆಂಟು ಹಾಕಿದ್ವಿ

ಹೋದ ಸೋಮವಾರ ನಮ್ಮ ಓಣಿಯ ಹಳೇ ದೊಡ್ಡ ವಾಡೇದ ತೊಲಿಗೆ, ಕೆಡವಾಕ ಬಂದ ಆಳೊಬ್ಬ ಕಬ್ಬಿಣದ ಹಾರಿ ಹಾಕಿದ. ಹಾರಿ ಗೇಣುದ್ದ ಒಳಗ ಹೋತು. ಸಾಗವಾನಿ ತೊಲಿ. ಸೀಳಿ ನೋಡಿದ್ರ ಕಟಿಗಿ ಇಲ್ಲ, ಕರೀ ಹಿಟ್ಟು.

‘ಇದು ಎಂದೋ ಸತ್ತಿತ್ತು ಬಿಡಬೇ ಯಮ್ಮಾ’ ಅಂದ ಆಳು.

ಕೊಂದವರು ನಾವು. ಅದರಾಗ ನನ್ನ ಪಾಲೂ ಐತಿ. (ಮುಚ್ಚಿಟ್ಟು ಏನ್ ಮಾಡೂದೈತಿ?)

ಬಾಗೇವಾಡಿ ಕಡೆ ಮಾಳಿಗಿ ಮನಿ ನೋಡದವರು ಯಾರದಾರ? ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ತೊಗರಿ ಕಟಿಗಿ, ಅದರ ಮ್ಯಾಲ ದಪ್ಪನ್ನ ಮಣ್ಣು. ವರ್ಷಾ ಮಳಿಗಿಂತ ಮೊದಲ ಹಳ್ಳದ ದಂಡಿಯ ಸವಳು ಮಣ್ಣು ತಂದು ಹಾಸಿ, ನೀರು ಚಿಮುಕಿಸಿ, ಬಡದು ಗಟ್ಟಿ ಮಾಡಬೇಕು. ನಡುವ ಸೋರಿತೋ, ಹತ್ತಿ ಇನ್ನೊಂದು ಬುಟ್ಟಿ ಸುರಿಯೂದು. ಅಷ್ಟೇ.

ಅಷ್ಟೇ ಅಂತ ಬರಿಯಾಕ ಸುಲಭ. ಬುಟ್ಟಿ ಹೊತ್ತವರು ಯಾರು? ಗಂಡಸರು ಮ್ಯಾಲ ನಿಂತು ಇಲ್ಲಿ ಹಾಕು, ಅಲ್ಲಿ ಹಾಕು ಅಂತಿದ್ರು. ಮಣ್ಣು ಇರತಿದ್ದದ್ದು ನಮ್ಮ ತಲಿ ಮ್ಯಾಲ.

ವಾಡೇದ ಮಾಲಕರು ಪುಣೆ ಸೇರಿ ಭಾಳ ವರ್ಷ ಆಗಿತ್ತು. ಮಾಳಿಗಿಗೆ ಮಣ್ಣು ಹಾಕೂದು ಓಣಿಯ ಮಂದೀದೇ ಕೆಲಸ. ಪಡಸಾಲ್ಯಾಗ ಹೆಣ್ಮಕ್ಕಳ ಸಾಲಿ ನಡೀತಿತ್ತು. ಹದಿನಾರು ಕಂಬ, ಕಂಬಕ್ಕೆರಡು ಕೆತ್ತಿದ ಗಿಳಿ. ಹುಡುಗ್ಯಾರು ಗಿಳಿಗೆ ಬೆನ್ನು ಹಚ್ಚಿ ಕುಂತು ಮಗ್ಗಿ ಹೇಳೋರು. ಸಾಲಿ ಓಣಿಯ ನಟ್ಟನಡುವ ಇತ್ತಲ್ಲ, ಅಪ್ಪಂದಿರು ತಕರಾರು ತಗೀತಿರಲಿಲ್ಲ. ಬಾಜೂ ಮನಿಗೆ ಹೋಗಿ ಬಂದಂಗ. ನನ್ನ ಮೊಮ್ಮಗಳು ಕಸ್ತೂರಿ ಏಳನೇ ಇಯತ್ತೆ ಮುಟ್ಟಿದ್ದು ಹಂಗ. ಇಲ್ಲಾಂದ್ರ ನನ್ನ ಮಗ ಬಿಡೋ ಪೈಕಿ ಅಲ್ಲ.

ಐದು ವರ್ಷದ ಹಿಂದ ಓಣಿ ಹಿರಿಯರು ಕೂಡಿದ್ರು. ವಾಡೆ ಊರ ಮರ್ಯಾದಿ, ಉಳಸಬೇಕು ಅಂದ್ರು. ಹೆಂಗ? ಆಲಮಟ್ಟಿಗೆ ಹೋಗಿ ಅಣೆಕಟ್ಟಿನ ಕೆಲಸ ನೋಡಿ ಬಂದವರೊಬ್ರು ಎದ್ದು ನಿಂತ್ರು. ಕೃಷ್ಣಾ ಹೊಳೀನ ತಡಿಯೋ ಸಿಮೆಂಟು ನಮ್ಮ ಮಳಿ ತಡಿಯೂದಿಲ್ಲೇನು ಅಂದ್ರು. ಎಲ್ಲಾರೂ ಗೋಣು ಹಾಕಿದ್ರು.

ಮಣ್ಣಿನ ಮಾಳಿಗಿ ಕಟ್ಟೋ ಗೌಂಡಿ ಭೀಮಣ್ಣ ಒಬ್ಬನೇ ಬ್ಯಾಡ ಅಂದ. ಮಣ್ಣು ಮಳಿಗೆ ನೀರು ಕುಡಿತೈತಿ, ಬಿಸಿಲಿಗೆ ಬಿಡತೈತಿ, ಮ್ಯಾಲ ಮುಚ್ಚಿದ್ರ ಕುಡದದ್ದು ಎಲ್ಲಿ ಬಿಡಬೇಕು ಅಂತ ಕೇಳಿದ. ನಿನ್ನ ಕೆಲಸ ಹೋಗತೈತಿ ಅಂತ ಹೊಟ್ಟಿ ಉರಿ ನಿನಗ ಅಂದು ನಕ್ರು. ಆಮ್ಯಾಲ ನನ್ನ ಕಡೆ ತಿರುಗಿದ್ರು. ಓಣ್ಯಾಗ ಎಲ್ಲಾರಕಿಂತ ಹೆಚ್ಚು ಬುಟ್ಟಿ ಹೊತ್ತಾಕಿ ನಾನು. ಭೀಮಣ್ಣ ಹೇಳಿದ್ದು ಖರೆ ಅಂತ ನನಗ ಗೊತ್ತಿತ್ತು.

‘ಹಾಕ್ರಿ ಸಿಮೆಂಟು. ಹೊತ್ತು ಸಾಕಾಗೇತಿ’ ಅಂದೆ.

‘ಯಕ್ಕಾ, ನೀ ತಿಳದಾಕಿ’ ಅಂದ ಭೀಮಣ್ಣ.

ಎರಡು ಮಳಿಗಾಲ ನೋಡಿದ್ವಿ, ಒಂದು ಹನಿ ಸೋರಲಿಲ್ಲ. ನಾವು ಮ್ಯಾಲ ಹತ್ತೂದೇ ಬಿಟ್ವಿ. ಬ್ಯಾಸಿಗಿ ಬಿಸಿಲಿಗೆ ಸಿಮೆಂಟು ಕೂದಲೆಳಿಯಂಗ ಸೀಳಿತ್ತು. ಕಂಡವರ್ಯಾರು? ಸೀಳಿನಾಗ ಇಳದ ನೀರು ಮಣ್ಣಾಗೇ ಕುಂತು ತೊಲಿ ಕೊಳಸಿತು. ಮೊದಲಾದ್ರ ಮನಿ ಸೋರಿ ಹೇಳತಿತ್ತು. ಅದರ ಬಾಯಿ ನಾವೇ ಕಟ್ಟಿದ್ವಿ.

ಈ ಶ್ರಾವಣದಾಗ ಪಡಸಾಲಿಯ ಒಂದು ಮೂಲಿ ಕುಸೀತು. (ಅವತ್ತು ಸಾಲಿಗೆ ಸೂಟಿ ಇತ್ತು. ಇಲ್ಲದಿದ್ರ ಇವತ್ತು ಬರಿಯೂದು ಬ್ಯಾರೆನೇ ಇರತಿತ್ತು.) ಇಂಜಿನಿಯರ್ ಸಾಹೇಬ ಬಂದ, ಬಾಗಿಲದಾಗ ನಿಂತು ನೋಡಿದ, ಕೆಡವ್ರಿ ಅಂತ ನೋಟೀಸು ಹಚ್ಚಿ ಹೋದ. ಸಿಮೆಂಟು ಕಿತ್ತು, ಮೂರು ತೊಲಿ ಬದಲಿ ಮಾಡಿ, ಮಣ್ಣು ಹಾಕಿದ್ರ ಇನ್ನೂ ಉಳೀತೈತಿ ಅಂತ ಭೀಮಣ್ಣ ಮನಿ ಮನಿ ತಿರುಗಿದ. ಈ ಸಲ ಯಾರೂ ನಗಲಿಲ್ಲ. ಕೇಳಲೂ ಇಲ್ಲ. ಗಿಳಿ ಕಂಬ ಲಾರಿ ಹತ್ತಿ ಎತ್ತ ಹೋದ್ವೋ.

ಇಂಡಿಗೆ ಹೋಗ್ರಿ, ಸಿಂದಗಿಗೆ ಹೋಗ್ರಿ, ಮುದ್ದೇಬಿಹಾಳಕ್ಕ ಹೋಗ್ರಿ, ಇದೇ ಕತಿ. ಲಾರಿ ಹಾಯಲಿ ಅಂತ ಊರ ಅಗಸಿ ಬಾಗಿಲಾ ಕೆಡವತಾರ, ಆಮ್ಯಾಲ ಹಿಂದಿನವರು ಎಂಥಾ ಕಟ್ಟಡ ಕಟ್ಟಿದ್ರು ಅಂತ ಭಾಷಣ ಮಾಡತಾರ. ಹಳೇದು ಭಾಷಣಕ್ಕ ಉಳಿಯೂದಿಲ್ರೀ. ವರ್ಷಾ ಯಾರರ ಬುಟ್ಟಿ ಹೊರಬೇಕು. ಆ ಭಾಷಣದವರು ಒಂದು ವರ್ಷ ನನ್ನ ಬುಟ್ಟಿ ಇಸಗೊಂಡಿದ್ರ, ನಾ ಸಾಕಾಗೇತಿ ಅಂತಿದ್ದೆನೇನು?

ಸಾಲಿ ಈಗ ಬಸ್‌ಸ್ಟ್ಯಾಂಡಿನ ಆಚೆ ತಗಡಿನ ಶೆಡ್ಡಿಗೆ ಹೋಗೇತಿ. ದೊಡ್ಡ ಹುಡುಗಿ, ಅಷ್ಟು ಮಂದಿ ನಡುವ ಹಾಯ್ದು ಹೋಗೂದು ಬ್ಯಾಡ ಅಂತ ಮಗ ಕಸ್ತೂರಿನ್ನ ಬಿಡಿಸಿದ. ನಿನ್ನೆ ಸಾಲಿ ಅಕ್ಕೋರು ಮನಿಗೆ ಬಂದ್ರು.

‘ಹೆಸರು ಇನ್ನೂ ತಗದಿಲ್ರಿ. ಈ ತಿಂಗಳ ಕಡೀತನಕ ಕಾಯ್ತೇನಿ’ ಅಂದ್ರು.

ನಾ ಕರಕೊಂಡು ಹೋಗಿ ಬರ್ತೇನಿ ಅಂದೆ. ನೀ ಎಷ್ಟು ದಿನ ಹೋದೀಯವ್ವಾ ಅಂದ ಮಗ. ಕಸ್ತೂರಿ ಒಳಗ ಮೊರದಾಗ ಜ್ವಾಳ ಹಸನ ಮಾಡಾಕತ್ತಿದ್ಲು. ಆಕಿಗೆ ಎಲ್ಲಾ ಕೇಳಸ್ತಿತ್ತು.

ವಾಡೆ ಕೆಡವಾಕ ಒಂದು ನೋಟೀಸಾದ್ರೂ ಬೇಕಾತು. ಹುಡುಗೀನ್ನ ಸಾಲಿ ಬಿಡಸಾಕ ಅದೂ ಬೇಕಾಗಲಿಲ್ಲ.